ಡಿಕ್ಕಿಯಲ್ಲಿ ಬಂದ ಮಡಿಲಕ್ಕಿ

ಏಪ್ರಿಲ್ 6, ಭಾನುವಾರ

ಬರೆಯದೆ ಬಿಡೋಣವೆಂದುಕೊಂಡಿದ್ದನ್ನೇ ಮೊದಲು ಬರೆದುಬಿಡುತ್ತೇನೆ. ಇಲ್ಲದಿದ್ದರೆ ಕೆರೆ, ತೋಟ, ಊಟ ಎಂದು ಪುಟ ತುಂಬಿಸಿ ಪುಸ್ತಕ ಮುಚ್ಚಿಬಿಡುತ್ತೇನೆ. ಕಾಮಾಕ್ಷಮ್ಮನವರು "ಇವಳು ನಿಮಗೆ ಗೊತ್ತಾ?" ಎಂದು ಕೇಳಿದರು. ನಾನು "ಇಲ್ಲ" ಎಂದೆ. ಮಲ್ಲಿಗಮ್ಮ ನನ್ನ ಅಪ್ಪನ ಒಡಹುಟ್ಟಿದ ತಂಗಿ.

ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ. ಓದಿದ್ದು, ಕಲಿಸುವುದು ಎಲ್ಲ ಅದರಲ್ಲೇ. ಸಲೀಸಾಗಿ ಬಂತು, ಬೇರೆ ಯಾರದೋ ಕಥೆಯ ಹಾಗೆ. ಆ ಹಾಳೆ ಹರಿದೆ.

ಆಶಾರಾಣಿ ಮತ್ತು ನಾನು ಹಾಸನದ ಒಂದೇ ಶಾಲೆಯಲ್ಲಿ ಹನ್ನೆರಡು ವರ್ಷದಿಂದ ಇದ್ದೇವೆ. ಅವಳು ಗಣಿತ, ನಾನು ಇಂಗ್ಲಿಷ್. ಮಧ್ಯಾಹ್ನದ ಡಬ್ಬಿ ಹಂಚಿಕೊಂಡೇ ತಿನ್ನುತ್ತೇವೆ. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ "ನಮ್ಮೂರಲ್ಲಿ ಸಪೋಟ ಕೀಳ್ತಾರೆ, ಬಾರೆ" ಎಂದು ಕರೆಯುತ್ತಾಳೆ. ಪ್ರತಿ ವರ್ಷ ನನಗೆ ಒಂದಲ್ಲ ಒಂದು ಕೆಲಸ ಇರುತ್ತಿತ್ತು. ಅವಳ ಊರು ಹೊಂಗೆಕೆರೆ. ಅರಕಲಗೂಡು ದಾಟಿ ಹನ್ನೆರಡು ಕಿಲೋಮೀಟರ್. ನನ್ನ ಅಪ್ಪ ಹುಟ್ಟಿದ್ದೂ ಅಲ್ಲೇ, ಕೆರೆಯ ಆಚೆ ದಂಡೆಯ ಕಾಲೊನಿಯಲ್ಲಿ. ಶಾಲೆಗೆ ಸೇರಿದ ಮೊದಲ ವಾರ ಅವಳು "ಯಾವೂರು ನಿಮ್ದು?" ಎಂದಾಗ "ಹಾಸನವೇ" ಎಂದಿದ್ದೆ. ಸುಳ್ಳಲ್ಲ, ಹುಟ್ಟಿದ್ದು ಹಾಸನದಲ್ಲೇ. ಮುಂದಕ್ಕೆ ಅವಳು ಏನು ಅಂದುಕೊಂಡಳೋ ಅದನ್ನು ನಾನು ತಿದ್ದಲಿಲ್ಲ.

ಈ ಸಲ ನೆಪ ಮುಗಿದಿತ್ತು. ತೋಟ ಈಚೆ ದಂಡೆ, ಕಾಲೊನಿ ಆಚೆ ದಂಡೆ, ನಡುವೆ ಅಷ್ಟಗಲ ನೀರು. ಹೊರಡುವ ಮುನ್ನ ನಾನು ಲೆಕ್ಕ ಹಾಕಿದ್ದು ಅದನ್ನು. ಅಪ್ಪನಿಗೆ ಆಶಾರಾಣಿಯ ತೋಟಕ್ಕೆ ಹೋಗುತ್ತೇನೆ ಎಂದಷ್ಟೇ ಹೇಳಿದೆ. ಯಾವ ಊರು ಎಂದು ಅವರಿಗೆ ಗೊತ್ತು. "ಮಲ್ಲಿ ಸಿಕ್ಕಿದ್ರೆ ನೋಡು" ಎಂದರು.

ನನ್ನ ಕಾರಿನಲ್ಲೇ ಹೋದೆವು. ಅರಕಲಗೂಡು ಬಿಟ್ಟ ಮೇಲೆ ರಸ್ತೆಯ ಎರಡೂ ಕಡೆ ಹೊಂಗೆ ಹೂ ಬಿಟ್ಟಿತ್ತು, ಮಂಡಕ್ಕಿ ಚೆಲ್ಲಿದ ಹಾಗೆ ಟಾರಿನ ಮೇಲೆಲ್ಲ ಬಿದ್ದಿತ್ತು. ತಿರುವಿನಲ್ಲಿ ಕೆರೆ ಕಂಡಿತು. ದಂಡೆಗುಂಟ ಸಪೋಟ, ಮಾವು, ಸೀಬೆ ತೋಟಗಳು. ಮೂವತ್ತೈದು ವರ್ಷದ ಮೇಲೆ ನೋಡುತ್ತಿದ್ದೆ. ಆಶಾರಾಣಿ "ಹೆಂಗಿದೆ ನಮ್ಮೂರು?" ಎಂದಳು. "ಮೊದಲ ಸಲ ಇಂಥ ಕೆರೆ ನೋಡ್ತಿರೋದು" ಎಂದೆ. ಯಾರೂ ಕೇಳದೆ ಹೇಳಿದ ಸುಳ್ಳು ಇದು.

ಅವಳ ತಮ್ಮ ಅಭಿಷೇಕ್ ತೋಟ ತೋರಿಸಿದ. ಒಂದು ಕಾಯಿ ಕಿತ್ತು ಉಗುರಿನಲ್ಲಿ ಗೀರಿದ. "ಮೇಲೆ ನೋಡಿದ್ರೆ ಎಲ್ಲಾ ಒಂದೇ ಬಣ್ಣ ಮೇಡಂ. ಗೀರಿದಾಗ ಒಳಗೆ ಹಸಿರು ಕಂಡ್ರೆ ಇನ್ನೂ ಎಳೇದು, ಹಳದಿ ಕಂಡ್ರೆ ಕೀಳಬಹುದು." ಈಗ ರಸ್ತೆ ಬದಿಯಲ್ಲಿ ಕಾರಿನವರಿಗೇ ನೇರ ಮಾರುತ್ತಾನಂತೆ. ಮರದ ಕೆಳಗೆ ಬಿದ್ದ ಹಣ್ಣು ಆಯುತ್ತಿದ್ದ ಹೆಂಗಸರನ್ನು ತೋರಿಸಿ ಆಶಾರಾಣಿ ಹೇಳಿದಳು: "ಬಿದ್ದಿದ್ರಲ್ಲಿ ಒಂದು ಮಡಿಲು ಅವರದ್ದು. ನಮ್ಮ ತಾತನ ಕಾಲದಿಂದ ಹಂಗೇ. ಆದ್ರೆ ಮನೆಗೆ ಮಾತ್ರ. ಹೊರಗಿನೋರಿಗೆ ಕೊಟ್ರೆ ಮಾರಿದ್ಹಂಗೆ, ಆಮೇಲೆ ತೋಟಕ್ಕೆ ಸೇರಿಸಲ್ಲ."

ಇವತ್ತು ರಾಮನವಮಿ. ಆಶಾರಾಣಿಯ ತಾಯಿ ಕಾಮಾಕ್ಷಮ್ಮನವರು ನನ್ನನ್ನು ದೇವರ ಮನೆಯೊಳಗೇ ಕರೆದುಕೊಂಡು ಹೋಗಿ ಕುಂಕುಮ ಇಟ್ಟರು. ಜಗಲಿಯಲ್ಲಿ ಕೂರಿಸಿ ಪಾನಕ, ಕೋಸಂಬರಿ ಕೊಟ್ಟರು. ನಮಗೆ ಸ್ಟೀಲ್ ಲೋಟ. ಅಂಗಳದಲ್ಲಿ ನಿಂತಿದ್ದ ಕೆಲಸದವರಿಗೆ ಪೇಪರ್ ಲೋಟ. "ತೊಳೆಯೋ ರಗಳೆ ಇಲ್ಲ ನೋಡಿ ಈಗ" ಎಂದರು. ನಾನು ತಲೆಯಾಡಿಸಿದೆ.

ಆಗ ಮಂಕರಿ ಹೊತ್ತುಕೊಂಡು ಮಲ್ಲಿಗಮ್ಮ ಬಂದರು. ಕೆರೆ ಸುತ್ತಿ ಈ ಕಡೆ ಕೆಲಸಕ್ಕೆ ಬರುತ್ತಾರೆಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ನನ್ನನ್ನು ನೋಡಿ "ನಾಗ..." ಎಂದು ನಿಂತರು.

"ಏನೇ ಮಲ್ಲಿ, ಹಂಗ್ ನಿಂತ್ಬುಟ್ಟೆ? ಇವಳು ನಿಮಗೆ ಗೊತ್ತಾ ಮೇಡಮ್ಮೋರೆ?"

"ಇಲ್ಲ."

ಮಲ್ಲಿಗಮ್ಮ ಮಂಕರಿ ಇಳಿಸಿದರು. ಸೆರಗಲ್ಲಿ ಮುಖ ಒರೆಸಿಕೊಂಡರು. "ನಮ್ಗೆಲ್ಲಿ ಗೊತ್ತಾಗ್ಬೇಕು ಬುಡಿ ಅವ್ವಾರೆ. ನಮ್ಮಣ್ಣನ ಮಗ್ಳು ಅಂದ್ಕಂಡೆ. ಅವ್ಳು ಇಂಗೆ ಕನ್ನಡಕ ಆಕಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊರಡುವಾಗ ಕಾಮಾಕ್ಷಮ್ಮನವರು ಮಲ್ಲಿಗಮ್ಮನಿಂದಲೇ ನನ್ನ ಕಾರಿಗೆ ಹತ್ತು ತೆಂಗಿನಕಾಯಿ, ಒಂದು ಚೀಲ ಸಪೋಟ ಹೊರಿಸಿದರು. ನಾನು ಸೀಟಿನಲ್ಲೇ ಕೂತಿದ್ದೆ. ಡಿಕ್ಕಿ ಮುಚ್ಚಿದ ಸದ್ದು ಕೇಳಿತು. ಕನ್ನಡಿಯಲ್ಲಿ ನೋಡಬಹುದಿತ್ತು.

ಏಪ್ರಿಲ್ 7, ಸೋಮವಾರ

ಶಾಲೆಯಿಂದ ಬಂದು ಡಿಕ್ಕಿ ತೆಗೆದೆ. ತೆಂಗಿನಕಾಯಿಯ ಹಿಂದೆ ಒಂದು ಗಂಟು. ಹಳೆಯ ಸೀರೆಯ ತುಂಡು, ಹಸಿರು ಅಂಚು. ಅದು ಕಾಮಾಕ್ಷಮ್ಮನವರು ಕೊಟ್ಟದ್ದಲ್ಲ.

ಅಪ್ಪ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. "ಕೊಡಿಲ್ಲಿ" ಎಂದು ಗಂಟನ್ನು ಮಡಿಲಲ್ಲಿಟ್ಟುಕೊಂಡು ತಿರುಗಿಸಿ ನೋಡಿದರು. "ಇದು ಮಲ್ಲಿ ಕಟ್ಟಿರೋದು."

"ಹೇಗೆ ಹೇಳ್ತೀರಿ?"

"ಎರಡು ಸುತ್ತಾಕಿ ತುದೀನ ಒಳಕ್ಕೆ ಸಿಗಿಸೋದು. ನಮ್ಮವ್ವ ಕಲಿಸಿದ್ದು. ನಾನು ಅಂಚೆ ಚೀಲಕ್ಕೂ ಹಿಂಗೇ ಕಟ್ಟಿ ಪೋಸ್ಟ್ ಮಾಸ್ಟರ್ ಹತ್ರ ಬೈಸ್ಕೊಂಡಿದೀನಿ. ಹೊಳೆನರಸೀಪುರದಲ್ಲಿ ಬಿಚ್ಚಕ್ಕಾಗದೆ ಕುಯ್ದಾಕಿದ್ರಂತೆ."

ಅವರು ಬಿಚ್ಚಿದರು. ಇಪ್ಪತ್ತು ಸಣ್ಣ ಸಪೋಟ. ಅರಿಶಿನ ಸವರಿದ ಎರಡು ಹಿಡಿ ಅಕ್ಕಿ. ವೀಳ್ಯದೆಲೆ, ಎರಡು ಅಡಿಕೆ, ಒಂದು ಅಚ್ಚು ಬೆಲ್ಲ. ಎಲೆ ಬಾಡಿತ್ತು.

"ಮಡಿಲಕ್ಕಿ" ಎಂದರು ಅಪ್ಪ. ಹಬ್ಬಕ್ಕೆ ತಂದ ಅಕ್ಕಿಯೋ, ಯಾರ ಮನೆಯಿಂದ ಇಸಕೊಂಡದ್ದೋ. ನಾವು ಊಟಕ್ಕೆ ಕೂತಿದ್ದಾಗ ಕೆರೆ ಸುತ್ತಿ ಮನೆಗೆ ಹೋಗಿ ಬಂದಿರಬೇಕು. ಬಿಸಿಲಲ್ಲಿ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. "ತವರಿಗೆ ಬಂದ ಹೆಣ್ಮಗಳನ್ನ ಬರಿ ಮಡಿಲಲ್ಲಿ ಕಳಿಸ್ಬಾರದು ಅಂತ. ಚೆನ್ನಾಗಿ ಮಾತಾಡ್ಸಿದ್ಯಾ?"

"ಹೂಂ."

"ಏನಂದ್ಲು?"

"ಚೆನ್ನಾಗಿದ್ದೀಯಾ ಅಂದ್ರು."

"ಉಂಡ್ಕಂಡು ಹೋಗು ಅನ್ನಲಿಲ್ವಾ?"

"ಕೆಲಸ ಇತ್ತು ಅವರಿಗೆ."

ಅಪ್ಪನಿಗೆ ಎಪ್ಪತ್ತಾರು. ಅಕ್ಕಿಯ ಒಂದು ಕಾಳನ್ನೂ ಬಿಡದೆ ಬೊಗಸೆಗೆ ಒಟ್ಟಿಕೊಂಡು ಒಳಗೆ ಹೋದರು. ಬುದ್ಧನ ವಿಗ್ರಹದ ಮುಂದೆ ಇಟ್ಟಿದ್ದಾರೆ. ಅಡುಗೆಮನೆಗೆ ಹೋಗುವಾಗೆಲ್ಲ ಕಾಣುತ್ತದೆ.

ಏಪ್ರಿಲ್ 9, ಬುಧವಾರ

ರಾಗಿ ಡಬ್ಬದಲ್ಲಿ ಹುಗಿದಿಟ್ಟ ಸಪೋಟ ಹಣ್ಣಾಗಿದೆ. ಮನೆಯೆಲ್ಲ ವಾಸನೆ. ನನ್ನ ಗಂಡ ಭೀಮ ಕೆಲಸದ ಮೇಲೆ ಕಲಬುರಗಿಯಲ್ಲಿರುವುದರಿಂದ ತಿನ್ನುವವರು ನಾವು ಮೂವರೇ. ಮಗಳು ಕವನಾ ಎರಡೂ ಬಗೆ ತಿಂದು ನೋಡಿ, ಚೀಲದ ದಪ್ಪ ಹಣ್ಣಿಗಿಂತ ಗಂಟಿನ ಸಣ್ಣದೇ ಚೆಂದ ಎಂದಳು. "ಯಾರಮ್ಮ ಕೊಟ್ಟಿದ್ದು ಇದನ್ನ?"

"ತೋಟದವರು."

ಅಪ್ಪ ಪಕ್ಕದಲ್ಲೇ ಕೂತಿದ್ದರು. ನನಗೆ ಒಂದು ಹಣ್ಣೂ ತಿನ್ನಲಾಗಿಲ್ಲ. ಹೊಟ್ಟೆ ಸರಿ ಇಲ್ಲ ಎಂದಿದ್ದೇನೆ.

ಏಪ್ರಿಲ್ 11, ಶುಕ್ರವಾರ

ಫಲಿತಾಂಶದ ಪಟ್ಟಿ ಮಾಡುತ್ತ ಕೂತಿದ್ದೆವು. ಆಶಾರಾಣಿ ಫೋನು ಇಟ್ಟು ನನ್ನ ಕಡೆ ತಿರುಗಿದಳು.

"ಅವತ್ತು ನಿನ್ನ ನೋಡಿ ಅಣ್ಣನ ಮಗಳು ಅಂದ್ಕೊಂಡೆ ಅಂದ್ಳಲ್ಲ ಒಬ್ಳು, ಮಲ್ಲಿ. ಕಳ್ಳತನ ಮಾಡಿ ಸಿಕ್ಕಾಕ್ಕೊಂಡಿದಾಳೆ ಕಣೆ."

ನಾನು ಪೆನ್ನಿನ ಮುಚ್ಚಳ ಹಾಕಿದೆ.

ತೋಟದ ಮೇಸ್ತ್ರಿ ರಾಮಣ್ಣ ನೋಡಿದ್ದನಂತೆ. ಮಡಿಲಿಂದ ಗಂಟು ತೆಗೆದು ನನ್ನ ಡಿಕ್ಕಿಗೆ ಹಾಕಿದ್ದನ್ನು. ಕಾರಿನವರಿಗೆ ಕದ್ದು ಮಾರುವವರು ಯಾರು ಎಂದು ಅಭಿಷೇಕ್ ಎರಡು ತಿಂಗಳಿಂದ ಹುಡುಕುತ್ತಿದ್ದನಂತೆ. ಸೋಮವಾರ ಬೆಳಿಗ್ಗೆ ಎಲ್ಲ ಹೆಂಗಸರನ್ನೂ ನಿಲ್ಲಿಸಿ ಕೇಳಿದ್ದಾನೆ. ಬಿದ್ದ ಹಣ್ಣು, ಬಂದವರು ತಿನ್ನಲಿ ಅಂತ ಹಾಕಿದೆ ಎಂದರಂತೆ ಮಲ್ಲಿಗಮ್ಮ. ಆ ಕಾರಿನವರು ನಿನಗೇನಾಗಬೇಕು ಎಂದರೆ ಉತ್ತರ ಇಲ್ಲ.

"ಏನೂ ಆಗ್ಬೇಕಾಗಿಲ್ದೋರಿಗೆ ಯಾರಾದ್ರೂ ಸುಮ್ನೆ ಕೊಡ್ತಾರಾ ಹೇಳು? ಇಪ್ಪತ್ತು ವರ್ಷದಿಂದ ಇದ್ದೋಳು. ಅಮ್ಮಂಗೇ ಬೇಜಾರು. ನಾಳೆಯಿಂದ ಬರಬೇಡ ಅಂದಿದಾನೆ. ಅಕ್ಕಪಕ್ಕದ ತೋಟದೋರಿಗೂ ಹೇಳಿದಾನೆ."

ಬೆಲ್ ಹೊಡೆಯಿತು.

ಏಪ್ರಿಲ್ 12, ಶನಿವಾರ

ನಿನ್ನೆ ಬರೆದದ್ದರಲ್ಲಿ ಒಂದು ಮಾತು ಬಿಟ್ಟಿದ್ದೇನೆ. ಬೆಲ್ ತಕ್ಷಣ ಹೊಡೆಯಲಿಲ್ಲ. ಆಶಾರಾಣಿ "ನಿನ್ನ ಡಿಕ್ಕೀಲಿ ಆ ಗಂಟು ಸಿಕ್ತಾ?" ಎಂದು ಕೇಳಿದಳು. ನಾನು "ನೋಡಿಲ್ಲ, ಕಾರು ತೊಳೆಯೋಕೆ ಕೊಟ್ಟಿದ್ದೆ, ಅವರೇ ತಗೊಂಡಿರಬಹುದು" ಎಂದೆ.

ಕಾರು ತೊಳೆಯುವವರನ್ನೂ ಕಳ್ಳರನ್ನಾಗಿ ಮಾಡಿದೆ.

ಏಪ್ರಿಲ್ 14, ಸೋಮವಾರ

ಅಂಬೇಡ್ಕರ್ ಜಯಂತಿ, ರಜೆ. ಬೆಳಿಗ್ಗೆಯೇ ಅಪ್ಪ ಬಿಳಿ ಪಂಚೆ ಉಟ್ಟು ಕೂತಿದ್ದರು. "ಊರಿಗೆ ಹೋಗ್ಬರನ. ಮಲ್ಲಿ ಮಡಿಲಕ್ಕಿ ಕಳಿಸವ್ಳೆ, ಸುಮ್ನಿದ್ರೆ ಚೆನ್ನಾಗಿರಲ್ಲ." ತಂಗಿಗೆಂದು ಒಂದು ಸೀರೆ ತರಿಸಿ ಇಟ್ಟಿದ್ದರು. ಕವನಾಳಿಂದ ತರಿಸಿದ್ದು, ನನಗೆ ಗೊತ್ತೇ ಇರಲಿಲ್ಲ. ಅಪ್ಪ ಮೊದಲೇ ಹೊಸಿಲು ದಾಟಿದ್ದರು. ಬೇಡ ಎನ್ನಲು ನೆಪ ಹುಡುಕುವಷ್ಟು ಹೊತ್ತೂ ಸಿಗಲಿಲ್ಲ.

ಅರಕಲಗೂಡಿನಲ್ಲಿ ಮೆರವಣಿಗೆ ಇತ್ತು, ನೀಲಿ ಬಾವುಟ, ತಮಟೆ. ಕಾರು ಅರ್ಧ ಗಂಟೆ ನಿಂತಿತು. ಅಪ್ಪ ಕಿಟಕಿ ಇಳಿಸಿ ಎಲ್ಲರಿಗೂ ಕೈ ಮುಗಿದರು. ಈ ಸಲ ಕೆರೆಯ ತಿರುವಿನಲ್ಲಿ ಎಡಕ್ಕೆ ಹೊರಳಬೇಕಿತ್ತು. ಕೈ ತಾನಾಗೇ ಹೊರಳಿಸಿತು.

ಮನೆ ಅದೇ. ಹೆಂಚು ಹೋಗಿ ತಾರಸಿ ಬಂದಿದೆ. ಗಂಡ ಹೋದ ಮೇಲೆ ಅತ್ತೆ ಇಲ್ಲಿಗೇ ವಾಪಸು ಬಂದವರು. ಈಗ ಮಗ ಶಾಂತರಾಜು, ಸೊಸೆ ಜೊತೆಗಿದ್ದಾರೆ. ಶಾಂತರಾಜು ಗೂಡ್ಸ್ ಆಟೋ ಓಡಿಸುತ್ತಾನೆ. ನನ್ನನ್ನು ನೋಡಿ "ಓಹೋ, ಮೇಡಂ ಬಂದವ್ರೆ. ಲೇ, ಕುರ್ಚಿ ಆಕ್ರಲಾ. ಅತ್ತೆ ಮನೆ ದಾರಿ ಗೂಗಲ್ಲು ತೋರಿಸ್ತಾ?" ಎಂದ.

"ಸುಮ್ನಿರ್ಲಾ. ಅವ್ಳು ಬಂದಿರದೇ ಎಚ್ಚು" ಎಂದು ಅತ್ತೆ ಒಳಗಿಂದ ಬಂದರು. ಅಪ್ಪನ ಕಾಲು ಮುಟ್ಟಿದರು. ನನ್ನ ಗಲ್ಲ ಹಿಡಿದು ಬೆರಳು ನಟಿಕೆ ಮುರಿದರು. "ಕನ್ನಡಕ ಚೆನ್ನಾಗದೆ ಕಣವ್ವ" ಎಂದರು ಮೆಲ್ಲಗೆ. ನನಗೆ ಮಾತ್ರ ಕೇಳುವಷ್ಟು.

ಚಾಪೆ ಮೇಲೆ ಕೂತೆ. ಅಲ್ಲಿಂದ ಬಾಗಿಲಾಚೆ ನೀರು, ನೀರಿನಾಚೆ ಆ ತೋಟ, ಆ ಮನೆಯ ಜಗಲಿ. ಜಗಲಿಯ ಕೆಂಪು ಕಂಬಗಳನ್ನೂ ಎಣಿಸಬಹುದು. ಇಷ್ಟು ಹತ್ತಿರವೆಂದು ನೆನಪಿರಲಿಲ್ಲ.

ಅಪ್ಪ ಸೀರೆ ಕೊಟ್ಟು "ಕೆಲ್ಸಕ್ಕೆ ಓಗಿಲ್ವೇನಮ್ಮ ಈಚೆಗೆ? ಕೈಯೆಲ್ಲ ಬೆಳ್ಳಗದೆ" ಎಂದರು. ಸಪೋಟ ಕೀಳುವವರ ಕೈಗೆ ಹಾಲು ಅಂಟಿ ಕಪ್ಪಗಿರುತ್ತದೆ, ತೊಳೆದರೆ ಹೋಗುವುದಿಲ್ಲ.

ಅತ್ತೆ ಕೈ ಸೆರಗಿನೊಳಗೆ ಎಳೆದುಕೊಂಡರು. ಶಾಂತರಾಜು ಮಾತಾಡಿದ. "ಎಲ್ಲಿಗೋಗದು ಮಾವ? ನಮ್ಮವ್ವನ್ನ ಕಳ್ಳಿ ಮಾಡ್ಬುಟ್ರು. ಯಾವಳೋ ಆಸನದೋಳು ಕಾರಲ್ಲಿ ಬಂದಿದ್ಲಂತೆ. ಅವಳ ಡಿಕ್ಕಿಗೆ ಇವ್ಳು ಅಣ್ಣು ಆಕುದ್ಲಂತೆ. ಯಾಕಾಕ್ದೆ, ಯಾರವಳು ಅಂದ್ರೆ ನಂಗೂ ಬಾಯಿ ಬುಡಲ್ಲ. ಎಂಟು ದಿನಾಯ್ತು, ಜೊತೇಲಿ ಓಗೋ ಎಂಗುಸ್ರೂ ಕರೆಯಲ್ಲ. ಆಲಿನ ಡೈರಿ ತಾವ ಓದ್ರೆ ಗುಸುಗುಸು ಅಂತವೆ."

ಅಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದರು.

ಕೇಳುವ ಮೊದಲೇ ಅತ್ತೆ ನಡುವೆ ಬಂದರು. "ಅಂಗಲ್ಲ ಕಣಣ್ಣ. ನಾಗು ಚೆನ್ನಾಗೇ ಮಾತಾಡ್ಸಿದ್ಲು ನನ್ನ. ಎಲ್ರ ಮುಂದ್ಲೂ ಮಾತಾಡ್ಸಿದ್ಲು. ನಾನೇ ಅವಸರದಲ್ಲಿ ಯಾರ್ಗೂ ಏಳ್ದೆ ಆಕ್ಬುಟ್ಟೆ. ತಪ್ಪು ನಂದೇಯ."

ಅಪ್ಪನ ಮುಖ ಸಡಿಲವಾಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಿಡಬೇಕೆಂದು ಆ ಕ್ಷಣ ಅನಿಸಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

"ಇಲ್ಲಪ್ಪ" ಎಂದೆ. "ನಾನು ಮಾತಾಡಿಸಲಿಲ್ಲ. ಗೊತ್ತಾ ಅಂತ ಕೇಳಿದ್ರು. ಇಲ್ಲ ಅಂದೆ."

ಸೊಸೆ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಶಾಂತರಾಜು ಎದ್ದು ಹೊರಗೆ ಹೋದ. ಆಟೋ ಚಾಲೂ ಮಾಡಿದ, ಮತ್ತೆ ಆರಿಸಿದ. ಒಳಗೆ ಬರಲಿಲ್ಲ.

"ಯಾಕತ್ತೆ ಹೇಳಲಿಲ್ಲ? ಅಣ್ಣನ ಮಗಳು ಅಂದಿದ್ರೆ ಮುಗೀತಿತ್ತಲ್ಲ. ಮನೆಯವರಿಗೆ ಕೊಡಬಹುದಲ್ಲ."

"ನೀನು ಇಲ್ಲ ಅಂದ್ಬುಟ್ಟಿದ್ಯಲ್ಲವ್ವ" ಎಂದರು ಅತ್ತೆ, ಚಿಕ್ಕ ಮಗುವಿಗೆ ಹೇಳುವ ಹಾಗೆ. "ಆಮೇಲೆ ನಾನು ಊಂ ಅಂದ್ರೆ ನಾಕು ಜನದ ಮುಂದೆ ನಿನ್ ಮಾತು ಸುಳ್ಳಾಯ್ತದೆ. ಅವ್ರು ಅಷ್ಟು ಮರ್ವಾದಿ ಮಾಡಿ ಒಳೀಕೆ ಕೂರ್ಸಿದ್ರು ನಿನ್ನ. ನೋಡಕ್ಕೆ ಚೆನ್ನಾಗಿತ್ತು."

ನೋಡಲು ಚೆನ್ನಾಗಿತ್ತಂತೆ.

ಹೋಗಿ ಹೇಳುತ್ತೇನೆ, ಮತ್ತೆ ಕೆಲಸಕ್ಕೆ ಕರೆಯುತ್ತಾರೆ ಎಂದೆ. ಅತ್ತೆ ತಲೆಯಾಡಿಸಿದರು. "ಕೆಲ್ಸ ಸಾಕು ಬುಡು ನಂಗೆ. ಅರವತ್ತೈದಾಯ್ತು. ಬೇಲಿ ಪಕ್ಕದ ಸಾಲು ಅದಲ್ಲ, ಅದ್ಕೆ ಕೆರೆಯಿಂದ ಬಿಂದ್ಗೇಲಿ ನೀರೊತ್ತಿರೋಳು ನಾನು. ಆ ಮರದ ಕೆಳಗೇ ನಿಲ್ಲಿಸ್ಕಂಡು ಕಳ್ಳಿ ಅಂದ್ರು. ಆ ಒಂದು ಮಾತು ವಾಪಸ್ ತಕಂಡ್ರೆ ಸಾಕು."

ಕಾಫಿ ತಣ್ಣಗಾಗಿತ್ತು. ಸ್ಟೀಲ್ ಲೋಟದಲ್ಲಿ ಕುಡಿದೆ. ಹೊರಟಾಗ ಅತ್ತೆ ಮತ್ತೆ ಮಡಿಲಿಗೆ ಏನೋ ಕಟ್ಟಲು ಹೋದರು. ತಡೆದೆ. "ಅದ್ಯಾಕೆ? ಒಂದ್ಸಲ ಕದ್ದು ಕೊಟ್ಟೆ, ಈ ಸಲ ಕಾಣೋ ಅಂಗೆ ಕೊಡ್ತೀನಿ" ಎಂದು ನಗುತ್ತ ಅಂಗಳದಲ್ಲಿ, ಬೀದಿಯವರೆಲ್ಲ ನೋಡುವಾಗ, ನನ್ನ ಸೆರಗು ಹಿಡಿಸಿ ಅಕ್ಕಿ ಸುರಿದರು. ಸೆರಗು ಹಿಡಿಯುವುದು ಹೇಗೆಂದೇ ನನಗೆ ತಿಳಿದಿರಲಿಲ್ಲ. ಅರ್ಧ ಅಕ್ಕಿ ಕೆಳಗೆ ಬಿತ್ತು.

ಬರುವಾಗ ಅರಕಲಗೂಡಿನಲ್ಲಿ ಅಪ್ಪ ಕಾರು ನಿಲ್ಲಿಸಲು ಹೇಳಿದರು. ಬಸ್ ಸ್ಟ್ಯಾಂಡ್ ಹತ್ತಿರ ಟೀ ಬೇಕು ಎಂದರು. ಲೋಟ ಕೈಯಲ್ಲಿ ಹಿಡಿದುಕೊಂಡು, ನನ್ನನ್ನು ನೋಡದೆ ಹೇಳಿದರು.

"ನೀನು ನಾಕನೇ ಕ್ಲಾಸಲ್ಲಿದ್ದಾಗ ಸ್ಕೂಲ್ ಡೇಗೆ ಇಂಗ್ಲಿಷ್ ಪದ್ಯ ಹೇಳಿದ್ದೆ. ಮಲ್ಲಿ ನೋಡಬೇಕು ಅಂತ ಬಂದಿದ್ಲು. ಗೇಟಿನಾಚೆ ನಿಲ್ಲಿಸ್ದೆ. ಒಳಗೆ ಜಾಗ ಇಲ್ಲ ಅಂದೆ. ಜಾಗ ಇತ್ತು."

ಟೀ ಕುಡಿದು ಲೋಟ ಇಟ್ಟರು. "ಮೈಕಲ್ಲಿ ನಾಗು ದನಿ ಕೇಳಿಸ್ತು ಕಣಣ್ಣ, ಅಷ್ಟೇ ಸಾಕು ಅಂದ್ಲು."

ಏಪ್ರಿಲ್ 16, ಬುಧವಾರ

ಎರಡು ದಿನ ಎರಡು ಪ್ರಯತ್ನ. ನಿನ್ನೆ ಊಟದ ಹೊತ್ತಿಗೆ "ಆಶಾ, ಒಂದು ಮಾತು" ಎಂದೆ. "ಹೇಳೆ" ಎಂದು ತನ್ನ ಡಬ್ಬಿಯ ಚಿತ್ರಾನ್ನ ನನ್ನ ಮುಚ್ಚಳಕ್ಕೆ ಹಾಕಿದಳು. ನಾನು ಬೇಸಿಗೆ ರಜೆಯ ಡ್ಯೂಟಿ ಪಟ್ಟಿಯ ಬಗ್ಗೆ ಕೇಳಿದೆ.

ಇವತ್ತು ವಾಟ್ಸಾಪಿನಲ್ಲಿ ಬರೆದು ಕಳಿಸಿದೆ. ಅವಳು ನೋಡುವ ಮೊದಲೇ ಅಳಿಸಿದೆ. "ಏನು ಡಿಲೀಟ್ ಮಾಡಿದ್ದು?" ಎಂದು ಕೇಳಿದಳು. ತಪ್ಪಾಗಿ ಹೋಗಿತ್ತು ಎಂದೆ.

ಅಪ್ಪನಿಗೆ ಹೇಳಿದೆ. ಅವರು ನಗಲಿಲ್ಲ. "ಕಾಗದ ಬರಿ. ಡಬ್ಬಕ್ಕೆ ಹಾಕಿದ ಕಾಗದಾನ ನಾನು ಮೂವತ್ತೆಂಟು ವರ್ಷ ಯಾರ್ಗೂ ವಾಪಸ್ ಕೊಟ್ಟಿಲ್ಲ. ಕಾಲಿಗೆ ಬಿದ್ದೋರಿಗೂ ಕೊಟ್ಟಿಲ್ಲ."

ಏಪ್ರಿಲ್ 17, ಗುರುವಾರ

ಮೊದಲು ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಂದೆ. ಒಂದೂವರೆ ಪುಟ. ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ "ಚೆನ್ನಾಗದೆ. ಆದ್ರೆ ತಪ್ಪು ಯಾರದು ಅಂತ ಇದರಲ್ಲಿ ಎಲ್ಲೂ ಗೊತ್ತಾಗಲ್ವಲ್ಲ" ಎಂದರು. ಹೌದು. "ತಪ್ಪು ತಿಳಿವಳಿಕೆ ಉಂಟಾಯಿತು" ಎಂದು ಬರೆದಿದ್ದೆ. ಮಳೆ ಬಂತು ಎನ್ನುವ ಹಾಗೆ.

ಕವನಾಳನ್ನೂ ಕರೆದು ಕೂರಿಸಿಕೊಂಡೆ. ಸಣ್ಣ ಹಣ್ಣು ಕೊಟ್ಟವರು ಯಾರು ಎಂಬುದರಿಂದ ಶುರು ಮಾಡಿ ಎಲ್ಲ ಹೇಳಿದೆ. ಅವಳಿಗೆ ಹದಿನಾರು, ಕೂಗಾಡುತ್ತಾಳೆ ಎಂದುಕೊಂಡಿದ್ದೆ. "ನನ್ನನ್ನ ಯಾರಾದ್ರೂ ಕೇಳಿದ್ರೆ ನಾನೂ ಹಾಸನ ಅಂತಲೇ ಹೇಳ್ತೀನಿ ಅಮ್ಮ. ಬೇರೆ ಊರಿದೆ ಅಂತ ನೀನು ಹೇಳಿರಲೇ ಇಲ್ಲವಲ್ಲ" ಎಂದಳು.

ಎರಡನೆಯ ಸಲ ಒತ್ತಕ್ಷರದಲ್ಲಿ ಅನುಮಾನ ಬಂದ ಕಡೆ ಅಪ್ಪನನ್ನು ಕೇಳುತ್ತ, ನೇರ ಕನ್ನಡದಲ್ಲೇ ಬರೆದೆ. ಆಶಾರಾಣಿಗಲ್ಲ, ಪ್ರಶ್ನೆ ಕೇಳಿದವರಿಗೇ. ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ, ಮತ್ತೆ ತಿದ್ದಬೇಕೆನಿಸಿದರೆ ಹೋಲಿಸಿ ನೋಡಲು.

"ಕಾಮಾಕ್ಷಮ್ಮನವರಿಗೆ ನಮಸ್ಕಾರ. ರಾಮನವಮಿಯ ದಿನ ನಿಮ್ಮ ಜಗಲಿಯಲ್ಲಿ ನಾನು ಪಾನಕ ಕುಡಿಯುತ್ತಿದ್ದಾಗ, ಮಲ್ಲಿಗಮ್ಮನವರನ್ನು ತೋರಿಸಿ ಇವಳು ಗೊತ್ತಾ ಎಂದು ಕೇಳಿದಿರಿ. ಇಲ್ಲ ಎಂದೆ. ಅದು ಸುಳ್ಳು. ಅವರು ನನ್ನ ಸೋದರತ್ತೆ. ನಾನು ಕೆರೆಯಾಚೆ ಕಾಲೊನಿಯ ಮಂಚಯ್ಯನ ಮಗಳು. ನನ್ನ ಕಾರಿನಲ್ಲಿ ಅವರು ಇಟ್ಟದ್ದು ತಮ್ಮ ಪಾಲಿನ ಒಂದು ಮಡಿಲು ಹಣ್ಣು ಮತ್ತು ತಮ್ಮ ಮನೆಯ ಅಕ್ಕಿ. ತವರಿಗೆ ಬಂದ ಮಗಳಿಗೆ ಕೊಟ್ಟ ಮಡಿಲಕ್ಕಿ ಅದು. ನಿಮ್ಮ ತೋಟದ ಪದ್ಧತಿಯಂತೆ ಮನೆಯವರಿಗೇ ಸಂದಿದೆ. ಗಂಟು ನನಗೆ ಸಿಕ್ಕಿದೆ. ಸಿಕ್ಕಿಲ್ಲ ಎಂದು ಆಶಾರಾಣಿಗೆ ಹೇಳಿದ್ದೂ ಸುಳ್ಳು. ಅವರು ಕದ್ದಿಲ್ಲ. ಸುಳ್ಳು ಹೇಳಿದವಳು ನಾನು. ಅವರನ್ನು ಕಳ್ಳಿ ಎಂದವರು ಅದೇ ಮರದ ಕೆಳಗೆ, ಕೇಳಿಸಿಕೊಂಡವರ ಎದುರಿಗೆ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಈ ಕಾಗದವನ್ನು ಅಭಿಷೇಕ್ ಅವರಿಂದ ಎಲ್ಲರಿಗೂ ಕೇಳುವಂತೆ ಓದಿಸಿ."

ಒಂದೇ ಪುಟ. ಅಪ್ಪ ಈ ಸಲ ಗೋಂದಿನ ಬಾಟಲಿ ತಂದುಕೊಟ್ಟರು. ಲಕೋಟೆಯ ಹಿಂಬದಿ 'ಇಂದ' ಎಂದು ಬರೆದು ನಿಲ್ಲಿಸಿದೆ. ಹಾಸನದ ವಿಳಾಸ ಬರೆಯಬಹುದಿತ್ತು, ಅದೇ ಸರಿಯಾದ ವಿಳಾಸ. ಹೆಸರಿನ ಕೆಳಗೆ 'ಮಂಚಯ್ಯನ ಮಗಳು, ಹೊಂಗೆಕೆರೆ' ಎಂದು ಬರೆದು, ಅದರ ಕೆಳಗೆ ಹಾಸನದ ಮನೆ ನಂಬರು ಬರೆದೆ. ಕಾಗದ ಯಾರ ಮನೆಗೆ ಹೋಗುತ್ತದೆಯೋ ಅವರಿಗಿಂತ ಮೊದಲು ನಮ್ಮೂರಿನ ಪೋಸ್ಟ್‌ಮ್ಯಾನ್ ಓದುತ್ತಾನೆ, ಹಾಲಿನ ಡೈರಿ ಹತ್ತಿರ ಹೇಳುತ್ತಾನೆ ಎಂದರು ಅಪ್ಪ. ಹೇಳಲಿ.

ಸಂಜೆ ಐದೂವರೆ ಆಗಿತ್ತು. ತಲುಪಿದ್ದಕ್ಕೆ ರುಜುವಾತು ಇರಲಿ ಎಂದು ರಿಜಿಸ್ಟರ್ ಮಾಡಿಸಬೇಕೆಂದಿದ್ದೆವು, ಆ ಕೌಂಟರ್ ಮುಚ್ಚಿರುತ್ತದೆ. ನಾಳೆ ಗುಡ್ ಫ್ರೈಡೆ, ಅಂಚೆಗೆ ರಜೆ. ಅದು ನೆನಪಾದಾಗ ಎದೆ ಹಗುರವಾಯಿತು. ಹಗುರವಾದದ್ದಕ್ಕೆ ಮತ್ತೆ ನಾಚಿಕೆಯಾಯಿತು. ಕೆರೆಯಾಚೆ ಅತ್ತೆಗೆ ಇದು ಹನ್ನೊಂದನೇ ದಿನ. ನನ್ನ ಒಂದು ದಿನದ ನಿರಾಳ ಅವರ ಹನ್ನೆರಡನೇ ದಿನ.

ಮಂಗಳವಾರ ಬುಧವಾರದ ಹೊತ್ತಿಗೆ ಕಾಗದ ತಲುಪುತ್ತದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಆಶಾರಾಣಿಯ ಡಬ್ಬಿ ನನ್ನ ಡಬ್ಬಿಯ ಪಕ್ಕ ಇರುತ್ತದೋ ಇಲ್ಲವೋ ತಿಳಿಯದು. ಇರಲಿ ಎಂದು ಆಸೆಯಿದೆ. ಇರುವುದಿಲ್ಲ ಎಂದೇ ಅನಿಸುತ್ತದೆ.

ಲಕೋಟೆಯನ್ನು ಅಪ್ಪ ಬುದ್ಧನ ಮುಂದೆ, ಆ ಅಕ್ಕಿಯ ಪಕ್ಕ ಇಟ್ಟಿದ್ದಾರೆ. ರಾಗಿ ಡಬ್ಬದಲ್ಲಿ ಒಂದೇ ಒಂದು ಸಣ್ಣ ಹಣ್ಣು ಉಳಿದಿತ್ತು. ತೀರಾ ಮೆತ್ತಗಾಗಿತ್ತು. ನಿಂತುಕೊಂಡೇ ತಿಂದೆ.

ಕೌಂಟರ್ ತೆರೆಯುವುದು ಬೆಳಿಗ್ಗೆ ಹತ್ತಕ್ಕೆ. ಏಪ್ರಿಲ್ 19, ಶನಿವಾರ.